ಬಿಸಿಲಿಗಿಟ್ಟ ಬ್ಯಾಟರಿಯ ವೋವಿಯೊ

ನನ್ನ ಮಾವನಂಥ ಜಿಪುಣರನ್ನು ನಾನು ಊರಲ್ಲೂ ಕಂಡಿಲ್ಲ, ಕುವೈತಿನಲ್ಲೂ ಕಂಡಿಲ್ಲ. ಎಪ್ಪತ್ತರ ದಶಕದಲ್ಲೇ ಗಲ್ಫಿನಿಂದ ಟೇಪ್ ರೆಕಾರ್ಡರ್ ತಂದ ಪುಣ್ಯಾತ್ಮ, ಅದಕ್ಕೆ ಹೊಸ ಬ್ಯಾಟರಿ ಹಾಕಲು ಮಾತ್ರ ಸುತರಾಂ ಒಪ್ಪುತ್ತಿರಲಿಲ್ಲವಂತೆ. ಸತ್ತ ಬ್ಯಾಟರಿಗಳನ್ನು ಹಪ್ಪಳದ ಜೊತೆ ಬಿಸಿಲಿಗಿಟ್ಟು ಮತ್ತೆ ಅವನ್ನೇ ತುರುಕುವುದು. ನಾದಿನಿಯ ರೋಸ್ ದಿನ, ಅಂದರೆ ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ಶಾಸ್ತ್ರದಲ್ಲಿ, ನನ್ನ ಅತ್ತೆಯ ತಾಯಿ ಹಾಡಿದ ಕೊಂಕಣಿ ಮದುವೆಹಾಡು ವೋವಿಯೊಗಳನ್ನು ಅವರು ರೆಕಾರ್ಡ್ ಮಾಡಿದ್ದೂ ಅಂಥ ಬ್ಯಾಟರಿಯಲ್ಲೇ.

ಮಾವ ತೀರಿದ ಮೇಲೆ ಆ ಕ್ಯಾಸೆಟ್ಟು ಅವರ ಟ್ರಂಕಿನ ತಳದಲ್ಲಿ ಸಿಕ್ಕಿತು. ಅತ್ತೆ ವಿಸಿಟ್ ವೀಸಾದಲ್ಲಿ ಸಾಲ್ಮಿಯಾದ ನಮ್ಮ ಫ್ಲ್ಯಾಟಿಗೆ ಬರುವಾಗ ಅದನ್ನು ಒಣಮೀನಿನ ಕಟ್ಟಿಗಿಂತ ಜೋಪಾನವಾಗಿ ತಂದರು. ಹಾಕಿ ನೋಡಿದರೆ, ದೇವರೇ, ಅಜ್ಜಿ ಇಲಿಯ ಹಾಗೆ ಚೀಂಗುಡುತ್ತಾಳೆ. ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಅತ್ತೆ ಎರಡು ದಿನ ನನ್ನ ಕೈಯ ಚಹಾ ಕುಡಿಯಲಿಲ್ಲ. ಅವರು ಮಾಂಯ್ ಎಂದು ಕರೆಯುತ್ತಿದ್ದ ಆ ತಾಯಿಯದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಉಳಿದದ್ದು ಇದೊಂದೇ.

ಶುಕ್ರವಾರ ಸಂಜೆ ಗ್ಯಾರೇಜುಗಳೇ ತುಂಬಿದ ಶುವೈಖಿಗೆ ಹೋದೆವು. ಅಲ್ಲಿ ಕಾರ್ ಸ್ಟೀರಿಯೊ ರಿಪೇರಿ ಮಾಡುವ, ನಮ್ಮ ಬಂಟ್ವಾಳ ಕಡೆಯ ಬ್ಯಾರಿಯೊಬ್ಬರಿದ್ದರು. ಕೇಳಿದ ಕೂಡಲೇ ಕಾಯಿಲೆ ಏನೆಂದು ಪತ್ತೆಹಚ್ಚಿದರು. "ಟೇಪಿಗೆ ಏನೂ ಆಗಲಿಲ್ಲ ಮಾರಾಯ್ರೆ. ಬ್ಯಾಟರಿ ವೀಕಾಗಿ ರೆಕಾರ್ಡ್ ಮಾಡುವಾಗ ಮೋಟರ್ ನಿಧಾನ ಓಡಿದ್ದು. ಹಾಗಾಗಿ ಈಗ ಸರಿ ಸ್ಪೀಡಲ್ಲಿ ಹಾಕಿದರೆ ಸ್ವರ ಓಡ್ತದೆ."

ಒಂದು ಹಳೆಯ ಡೆಕ್ಕಿಗೆ ವೇಗ ತಗ್ಗಿಸುವ ಗುಂಡಿ ಕೂರಿಸಿದರು. ಎಷ್ಟು ತಗ್ಗಿಸಬೇಕೆಂದು ಮಾತ್ರ ಆ ಸ್ವರ ಗೊತ್ತಿದ್ದವರೇ ಹೇಳಬೇಕು. ಕಾರಿನಿಂದ ಕಿತ್ತಿಟ್ಟ ಸೀಟಿನ ಮೇಲೆ ಅತ್ತೆ ಕೂತರು. ಇನ್ನೂ ಕಮ್ಮಿ ಅಂದರು, ಅಜ್ಜಿ ಪಾದ್ರಿಯಾದಳು. ಜಾಸ್ತಿ ಅಂದರು, ಮತ್ತೆ ಇಲಿ. ಮೂರು ಶುಕ್ರವಾರ ಇದೇ ಆಟ. ವೀಸಾ ಮುಗಿಯಲು ಒಂದು ವಾರ ಉಳಿದಿತ್ತು, ನನಗೆ ತಲೆ ಕೆಟ್ಟುಹೋಯಿತು. ಹೇಗಿತ್ತೆಂದು ಒಂದೇ ಸಲ ಸರಿಯಾಗಿ ಹೇಳಬಾರದಾ, ಈ ಬ್ಯಾರಿಯವರಿಗೂ ಬೇರೆ ಕೆಲಸ ಉಂಟು ಎಂದು ರೇಗಿದೆ.

ಅತ್ತೆ ಸೆರಗಿನ ತುದಿ ನೋಡುತ್ತಾ, "ನನಗೆ ಅವಳ ಸ್ವರ ನೆನಪಿಲ್ಲ" ಅಂದರು.

ನನ್ನ ನಾಲಿಗೆಗೆ ಬೆಂಕಿ ಬೀಳಲಿ ಅನಿಸಿತು. ಬ್ಯಾರಿಯವರು ಏನೂ ಆಗದವರ ಹಾಗೆ ಚಹಾ ತರಿಸಿದರು. ಟೇಪನ್ನು ಅದರ ಪಾಡಿಗೆ ಓಡಲು ಬಿಟ್ಟು, ಗುಂಡಿಯನ್ನು ಚೂರುಚೂರೇ ತಿರುಗಿಸುತ್ತಾ ಹೋದರು. ವೋವಿಯೊ ಅಂದರೆ ಒಬ್ಬಳು ಹಾಡಿದ ಮೇಲೆ ಕೂತವರೆಲ್ಲ ಕೊನೆಯ ಸಾಲನ್ನು ಎತ್ತಿಕೊಳ್ಳುವ ಹಾಡು. ಐದನೆಯದೋ ಆರನೆಯದೋ ನುಡಿಗೆ, ಚಹಾ ಊದುತ್ತಿದ್ದ ಅತ್ತೆ ತನಗೇ ಗೊತ್ತಿಲ್ಲದೆ ಆ ಸಾಲು ಎತ್ತಿಕೊಂಡರು. ಟೇಪಿನೊಳಗಿನ ಹೆಂಗಸರ ಜೊತೆ ಅವರ ಸ್ವರ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂಡಿತು. ಬ್ಯಾರಿಯವರು ಗುಂಡಿಯಿಂದ ಕೈ ತೆಗೆದರು.

ನುಡಿ ಮುಗಿಯಿತು. ಟೇಪಿನೊಳಗಿಂದ ದಪ್ಪ, ಒಡಕು ಹೆಣ್ಣುಸ್ವರವೊಂದು ಕೊಂಕಣಿಯಲ್ಲಿ ಗದರಿತು: "ಹಿಂದೆ ಕೂತವರಿಗೆ ಬಾಯಿ ಇಲ್ಲವಾ?"

ಎಪ್ಪತ್ತು ದಾಟಿದ ಅತ್ತೆ ಲೋಟ ಕೆಳಗಿಟ್ಟು ನೆಟ್ಟಗೆ ಕೂತರು.

"ಹಾಡ್ತೇನೆ, ಮಾಂಯ್" ಅಂದರು.