ನೈರೋಬಿಯ ಸಾವಿಗೆ ಬಾಗಿಲು ಹಾಕಿದ ಅಕ್ಕ

ಅಕ್ಕನ ಎಡಗಿವಿಯಲ್ಲಿ ಕೆಂಪು ಹರಳಿನ ಓಲೆ, ಬಲಗಿವಿ ಬೋಳು. ಆ ಕಡೆ ಹೆಡ್‌ಫೋನ್ ಒತ್ತುತ್ತದೆ ಎಂದು ಬಲಗಿವಿಯ ಓಲೆಯನ್ನು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಮತ್ತೆ ಹಾಕಿಕೊಳ್ಳುವುದು ನೆನಪಾದರೆ ತಾನೇ! ಮದುವೆಮನೆಗೂ ಒಂದೇ ಓಲೆಯಲ್ಲಿ ಹೋಗಿಬಿಡುತ್ತಿದ್ದರು.

ಕಡೂರಿನ ಬಸ್‌ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲೆ, ನಾವು ಹುಡುಗಿಯರೆಲ್ಲ ಅಕ್ಕ ಎನ್ನುತ್ತಿದ್ದ ಅವರ ಟೈಪಿಂಗ್ ಶಾಲೆ ಇತ್ತು. ಟೈಪ್‌ರೈಟರಿನ ಕಾಲ ಮುಗಿದಾಗ ಅಕ್ಕ ಕಂಪ್ಯೂಟರ್ ತಂದರು. ಶಿವಮೊಗ್ಗದಲ್ಲಿ ಓದಿ ಹೋಗಿದ್ದ ಕೀನ್ಯಾದ ಹುಡುಗಿಯೊಬ್ಬಳ ಮೂಲಕ ನೈರೋಬಿಯ ಸಣ್ಣ ಆಸ್ಪತ್ರೆಯೊಂದರ ಕೆಲಸ ಸಿಕ್ಕಿತು. ಅಲ್ಲಿನ ಡಾಕ್ಟರುಗಳು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿಸಿಕೊಂಡು ನಾವು ರಿಪೋರ್ಟು ಟೈಪ್ ಮಾಡಿ ಇಂಟರ್ನೆಟ್ಟಿನಲ್ಲಿ ಕಳಿಸಬೇಕು. ಹಿರೇನಲ್ಲೂರಿನಿಂದ ಬರುತ್ತಿದ್ದ ನನಗೆ ಅದು ಮೊದಲ ಕೆಲಸ. ಅದು ತಪ್ಪಿದರೆ ಮರುದಿನವೇ ಗಂಡು ನೋಡಲು ಮನೆಯವರು ಕಾದು ಕುಳಿತಿದ್ದರು.

ಅಮೆರಿಕದ ಕೆಲಸ ಎಂದರೆ ಬಾಯಿ ಬಿಡುವ ಜನ ಕೀನ್ಯಾ ಎಂದಾಗ ನಗುತ್ತಿದ್ದರು. ಅಕ್ಕನಿಗೆ ರೇಗುತ್ತಿತ್ತು. "ಅವ್ರೂ ನಮ್ಮಂಗೇ ಕಷ್ಟ ಬಿದ್ದು ಮೇಲೆ ಬತ್ತಿರೋರು ಕಣ್ರೀ. ಒಬ್ರಿಗೊಬ್ರು ಆಗ್ದಿದ್ರೆ ಇನ್ಯಾರು ಆಗ್ತಾರೆ?" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ, ಆ ಆಸ್ಪತ್ರೆ ಕಟ್ಟಿದ ಹಿರಿಯ ಡಾಕ್ಟರು ತೀರಿಕೊಂಡ ಸುದ್ದಿ ಬಂತು. ಅಕ್ಕ ಅವರ ಮುಖ ಕಂಡವರಲ್ಲ, ದನಿಯನ್ನಷ್ಟೇ ಬಲ್ಲವರು. ಆದರೂ ಕಂಪ್ಯೂಟರ್ ಆಫ್ ಮಾಡಿಸಿ, ಬಾಗಿಲು ಹಾಕಿ, ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿದರು. ಅನ್ನ ಕೊಟ್ಟವರ ಮನೆಯಲ್ಲಿ ಸಾವಾದರೆ ಆ ದಿನ ಕೆಲಸ ಮುಟ್ಟುವುದು ಅಕ್ಕನ ಮನೆತನದಲ್ಲಿ ಇರಲಿಲ್ಲ. ಅಲ್ಲಿ ಆಸ್ಪತ್ರೆ ಎಂದಿನಂತೆ ನಡೆಯುತ್ತಿರುತ್ತದೆ ಎಂದು ನಮಗ್ಯಾರಿಗೂ ಹೊಳೆಯಲೇ ಇಲ್ಲ. ರಿಪೋರ್ಟು ಬಾರದೆ ಅಲ್ಲೊಬ್ಬ ಹೆಂಗಸಿನ ಆಪರೇಷನ್ ಮುಂದಕ್ಕೆ ಹೋಯಿತು.

ಮರುದಿನ ಆ ಡಾಕ್ಟರ ಮಗಳು ವಿಡಿಯೋದಲ್ಲಿ ಬಂದರು. ಈಗ ಆಸ್ಪತ್ರೆಯ ಹೊಣೆ ಅವರದು. ಸರಿಯಾದ ಕಾರಣ ಹೇಳದಿದ್ದರೆ ಕೆಲಸ ಬೇರೆಯವರಿಗೆ ಕೊಡುವುದಾಗಿ ಖಡಾಖಂಡಿತವಾಗಿ ಹೇಳಿದರು. ಇದ್ದವರಲ್ಲಿ ನನ್ನ ಇಂಗ್ಲಿಷೇ ವಾಸಿ, ಹಾಗಾಗಿ ಉತ್ತರ ಕೊಡುವ ಪಾಳಿ ನನ್ನದು. ಕರೆಂಟ್ ಇರಲಿಲ್ಲ ಎಂದುಬಿಡಲೇ ಎಂದು ಅಕ್ಕನ ಕಿವಿಯಲ್ಲಿ ಕೇಳಿದೆ.

"ಸುಳ್ಳು ಬ್ಯಾಡ ಕಣೇ. ಅವ್ರಪ್ಪನಿಗೋಸ್ಕರ ಬಾಗ್ಲು ಹಾಕಿದ್ವಿ ಅನ್ನು. ಕೇಳ್ದೆ ಹಾಕಿದ್ದು ನನ್ ತಪ್ಪು, ಅದ್ನೂ ಹೇಳು. ಮೊದ್ಲು ಆ ಹೆಂಗಸು ಹೆಂಗಿದಾಳೆ ಕೇಳು."

ತಡವರಿಸುತ್ತಾ ಎಲ್ಲವನ್ನೂ ಹೇಳಿದೆ. ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಪ್ಪ ಹೋದ ದಿನ ತಾನು ಕೆಲಸ ಮಾಡುತ್ತಲೇ ಇದ್ದೆ, ಅಳಲು ಪುರಸೊತ್ತೇ ಸಿಗಲಿಲ್ಲ ಎಂದರು. ರೋಗಿ ಚೆನ್ನಾಗಿದ್ದಾಳೆ, ಇನ್ನು ಮುಂದೆ ಹೇಳದೆ ಬಾಗಿಲು ಹಾಕಬೇಡಿ ಎಂದರು. ಕೆಲಸ ಉಳಿಯಿತು. ನನ್ನ ಮದುವೆ ನನಗೆ ಮನಸ್ಸಾದಾಗಲೇ ಆಯಿತು. ಅದು ಅಕ್ಕನ ಋಣ, ಮುಚ್ಚಿಟ್ಟುಕೊಳ್ಳುವುದೇನಿದೆ.

ಈಗ ಕಂಪಾಲಾದಿಂದಲೂ ಕೊಲಂಬೊದಿಂದಲೂ ಕೆಲಸ ಬರುತ್ತಿದೆ. ತರೀಕೆರೆ, ಅಜ್ಜಂಪುರದ ಹುಡುಗಿಯರೂ ಸೇರಿದ್ದಾರೆ.

ಹೋದ ವರ್ಷ ಅಕ್ಕ ಹೃದಯಾಘಾತದಿಂದ ತೀರಿಕೊಂಡರು. ಕೆಲಸದ ನಡುವೆ ಫೋನ್ ಬಂದಾಗ ಹುಡುಗಿಯರೆಲ್ಲರೂ ಅಳುತ್ತಾ ಎದ್ದು ನಿಂತರು. ಮರುದಿನ ಬೆಳಿಗ್ಗೆ ಆಪರೇಷನ್ ಇದ್ದವರ ರಿಪೋರ್ಟುಗಳು ಇನ್ನೂ ಬಾಕಿ ಇದ್ದವು. ಕೂತ್ಕೊಳ್ರೇ, ಇದನ್ನು ಕಳಿಸಿ ಹೋಗೋಣ ಎಂದೆ. ಕಣ್ಣು ಮಂಜಾಗಿ ಅದೇ ಸಾಲನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳಬೇಕಾಯಿತು. ಎಲ್ಲ ಕಳಿಸಿ, ತಲುಪಿತು ಎಂಬ ಉತ್ತರ ಬಂದ ಮೇಲೆ, ಬಾಗಿಲು ಹಾಕಿಕೊಂಡು ಅಕ್ಕನ ಮನೆಗೆ ನಡೆದೆವು.