ಕಾಜಿಂ ಮಿರ್ಜಾ ಸಾಹೇಬರ ಅರಸುತನ

ಅಮೆರಿಕದ ನೆವಾರ್ಕಿನ ಲೈಬ್ರರಿಯಲ್ಲಿ ಶನಿವಾರ ಬೆಳಿಗ್ಗೆ ಪುಕ್ಕಟೆಯಾಗಿ ಅರ್ಜಿ ತುಂಬಿಕೊಡುವ ಕಾಜಿಂ ಮಿರ್ಜಾ ಸಾಹೇಬರ ಎದುರು ಕೂತವರು ಮೊದಲು ಅವರ ವಂಶಾವಳಿ ಕೇಳಲೇಬೇಕು. ಬೆಂಗಳೂರಿನಲ್ಲಿ ಹುಟ್ಟಿದ ಇರಾನಿ. ಗರಿಗರಿ ಕೋಟು, ಜೇಬಿನಲ್ಲಿ ಮೂರು ಪೆನ್ನು. “ಮಿರ್ಜಾ ಅಂದ್ರೆ ಅಮೀರ್‌ಜಾದಾ, ದೊರೆಮಗ. ಪರ್ಷಿಯಾದಲ್ಲಿ ಹೆಸರಿನ ಕೊನೇಲಿ ಮಿರ್ಜಾ ಇದ್ರೆ ಅವನು ರಾಜಕುಮಾರ!” ಎನ್ನುತ್ತ ಪ್ಲಾಸ್ಟಿಕ್ ಕುರ್ಚಿಯಲ್ಲೇ ಸಿಂಹಾಸನವೇರುತ್ತಾರೆ. ಸ್ಟೇಪ್ಲರ್ ಬೇಕಾದರೂ ಫರ್ಮಾನು ಹೊರಡಿಸುತ್ತಾರೆ. ಮಂಡ್ಯದ ವೆಂಕಟಮ್ಮ ಈ ದರ್ಬಾರಿಗೆ ಅಂಜುತ್ತಲೇ ಬಂದಿದ್ದರು. ಅವರಿಗಿರುವುದು ಒಂದೇ ಹೆಸರು. ಅರ್ಜಿ ಕೇಳುವುದು ಎರಡು. ಖಾಲಿ ಜಾಗ ಕಂಡು ಮಗ ಶಿವಪ್ರಕಾಶ ಊರಿನ ಹೆಸರು ತುಂಬಿದ್ದ. ಅದು ಪಾಸ್‌ಪೋರ್ಟಿಗೆ ತಾಳೆಯಾಗದೆ ಗ್ರೀನ್ ಕಾರ್ಡಿನ ಅರ್ಜಿ ವಾಪಸು ಬಂದಿತ್ತು. “ನಮ್ಗೆ ಮನೆತನದ ಹೆಸ್ರೇ ಇಲ್ಲ ಸಾಹೇಬ್ರೇ. ನನ್ನೂ ವಾಪಸ್ ಕಳುಸ್ಬುಡ್ತಾರಾ?” ಸಾಹೇಬರು ಸುತ್ತ ನೋಡಿ ದನಿ ತಗ್ಗಿಸಿದರು. “ನಮ್ಮ ತಾತಂಗೂ ಇರ್ಲಿಲ್ಲಮ್ಮ. ಕುದುರೆ ವ್ಯಾಪಾರಿಗಳಿಗೆ ಕಾಗದ ಬರ್ಕೊಡ್ತಿದ್ರು. ಓದುಬರಹ ಬಲ್ಲವರನ್ನೂ ಮಿರ್ಜಾ ಅಂತಾರೆ, ಆದ್ರೆ ಅದನ್ನ ಹೆಸರಿಗೆ ಮೊದಲು ಹೇಳ್ತಾರೆ. ನಾನು ಪಾಸ್‌ಪೋರ್ಟ್ ಮಾಡಿಸೋವಾಗ ಖಾಲಿ ಜಾಗ ಇತ್ತು; ಹೆಸರಿನ ಕೊನೇಲಿ ಮಿರ್ಜಾ ಅಂತ ಬರೆದೆ, ರಾಜಕುಮಾರ ಆಗ್ಬಿಟ್ಟೆ! ನಿಮಗೆ ಆ ಕಷ್ಟ ಬೇಡ. ಒಂದೇ ಹೆಸರಿನೋರಿಗೂ ಇಲ್ಲಿ ದಾರಿ ಇದೆ. ಪಾಸ್‌ಪೋರ್ಟಲ್ಲಿ ಇದ್ದ ಹಾಗೇ ಬರೆದ್ರಾಯ್ತು.” ವೆಂಕಟಮ್ಮ ಪಾಸ್‌ಪೋರ್ಟನ್ನು ಅವರತ್ತ ಸರಿಸಿ, “ಹಂಗಾರೆ ಬರೀರಿ,” ಎಂದರು, “ಮಿರ್ಜಾ ಕಾಜಿಂ ಸಾಹೇಬ್ರೇ.”