ಕಣಗಿಲೆ ಎಲೆಯ ಹಾರ

ಸೊಸೆಯಾಗಿ ಬಂದ ವರ್ಷವೇ ತವರಿನ ಕ್ವಾರ್ಟರ್ಸ್ ಬೇಲಿಯಿಂದ ಕಣಗಿಲೆಯ ನಾಲ್ಕು ಕಡ್ಡಿ ತಂದು ಅಂಗಳದ ಅಂಚಿಗೆ ನೆಟ್ಟೆ. ನೀರು ಹಾಕಿದರೂ ಸರಿ, ಮರೆತರೂ ಸರಿ, ವರ್ಷವಿಡೀ ಹಸಿರಾಗಿರುವ ಗಿಡ. ಅರಕೆರೆ ಪಕ್ಕದ ಆ ಊರಲ್ಲಿ ಅಂದಕ್ಕೆಂದು ಬೇಲಿ ಬೆಳೆಸುವವಳು ನಾನೊಬ್ಬಳೇ ಎಂಬ ಜಂಬವೂ ಇತ್ತು.

ಅತ್ತೆ ಮೊದಲ ದಿನವೇ ಅಂದಿದ್ದರು: “ದನ ಕಟ್ಟೋ ಮನೇಗೆ ಇದ್ಯಾಕವ್ವ? ಊವ ದೇವ್ರಿಗೆ ಇರ್ಲಿ. ಎಲೆ ಇಸ ಕಣವ್ವ, ಕೊಟ್ಟಿಗೆ ತಾವ ಬರ್ಕೂಡ್ದು.”

ಆಗಲಿ ಅಂದೆ. ಇವರಿಗೆ ಎಲ್ಲದಕ್ಕೂ ಭಯ ಎಂದುಕೊಂಡೆ.

ತೊಂಬತ್ತರ ದಶಕದ ಒಂದು ಸಂಕ್ರಾಂತಿ. ಸಂಜೆ ಕಿಚ್ಚು ಹಾಯಿಸುವುದು, ಅಂದರೆ ಉರಿಯುವ ಹುಲ್ಲಿನ ಮೇಲೆ ದನ ಓಡಿಸುವುದು. ನಾಲೆಯಲ್ಲಿ ಮೈತೊಳೆಸಿಕೊಂಡು ಬಂದ ನಮ್ಮ ಎರಡು ಹಸುಗಳಿಗೆ ಹಾರ ಕಟ್ಟುವ ಕೆಲಸ ನನ್ನದು. ಚೆಂಡುಹೂವು ಸಾಲಲಿಲ್ಲ. ತೆಳ್ಳನೆಯ ಹಾರ ಹಾಕಿ ಬೀದಿಗೆ ಕಳಿಸಿದರೆ ಮರ್ಯಾದೆ ಏನಾದೀತು ಎಂದು, ಒಂದರಲ್ಲಿ ನಡುನಡುವೆ ಕಣಗಿಲೆ ಎಲೆ ಸೇರಿಸಿದೆ. ಕೊರಳಲ್ಲಿರುವುದನ್ನು ಹಸು ಹೇಗೆ ತಿಂದೀತು?

ಅದು ತಿನ್ನಲಿಲ್ಲ. ಪಕ್ಕದಲ್ಲಿ ಕಟ್ಟಿದ್ದ ಗಬ್ಬದ ಹಸು ತಿಂದಿತು. ಮಧ್ಯಾಹ್ನ ನೋಡಿದರೆ ಹಾರ ಹಾಕಿಸಿಕೊಂಡಿದ್ದ ಹಸುವಿನ ಕೊರಳಲ್ಲಿ ದಾರವಷ್ಟೇ ನೇತಾಡುತ್ತಿತ್ತು. ಅತ್ತೆ ಏನಂದಾರು ಎಂದು ಹೆದರಿ, ದಾರ ಬಿಚ್ಚಿ ಒಲೆಗೆ ಹಾಕಿದೆ. ನಾಲ್ಕೆಲೆಗೆ ಏನಾಗುತ್ತೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಹತ್ತು ಸಲ ಕೊಟ್ಟಿಗೆಗೆ ಹೋಗಿ ಬಂದೆ.

ಕಿಚ್ಚಿನ ಹೊತ್ತಿಗೆ ಆ ಹಸುವಿನ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕಾಲು ನಡುಗುತ್ತಿದ್ದವು. “ಯಾರ್ದೋ ಕಣ್ಣು ಬಿದ್ಬುಡ್ತು,” ಎಂದು ಅತ್ತೆ ಮೆಣಸಿನಕಾಯಿ ನಿವಾಳಿಸಲು ನಿಂತರು. ನಾನು ಒಳಗೋಡಿ ಉಪ್ಪು ತಂದುಕೊಟ್ಟೆ! ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ದನದ ಡಾಕ್ಟರು ಬಂದವರೇ, “ಏನ್ ತಿಂತು ಹೇಳಿ,” ಅಂದರು.

“ಉಲ್ಲು ಬುಟ್ರೆ ಇನ್ನೇನೂ ಇಲ್ಲ ಕಣಪ್ಪ,” ಅಂದರು ಅತ್ತೆ.

ಹಸು ಮುಂಗಾಲು ಮಡಿಸಿ ಕುಸಿಯಿತು. ಆಗ ನಾನು ಬಾಯಿ ಬಿಟ್ಟೆ.

“ಕಣಗಿಲೆ ಎಲೆ. ಹಾರಕ್ಕೆ ಕಟ್ಟಿದ್ದೆ.”

“ಯಾವಾಗ?”

“ಮಧ್ಯಾಹ್ನ.”

ಡಾಕ್ಟರು ನನ್ನನ್ನೇ ನೋಡಿದರು. “ಆಗ್ಲೇ ಕರ್ದಿದ್ರೆ ಏನಾರ ಮಾಡ್ಬೋದಿತ್ತು.” ಆದರೂ ಸೂಜಿ ಚುಚ್ಚಿದರು. ಅರ್ಧ ಗಂಟೆಯಲ್ಲಿ ಹಸು ಹೋಯಿತು, ಹೊಟ್ಟೆಯೊಳಗಿನ ಕರುವೂ ಹೋಯಿತು.

ಅತ್ತೆ ಬೈಯಲಿಲ್ಲ. ಗಿಡವನ್ನೂ ಕೀಳಿಸಲಿಲ್ಲ. ಹಸುವಿನ ತಲೆಯ ಹತ್ತಿರ ಕೂತು, ನನ್ನ ಕಡೆ ತಿರುಗದೆ ಹೇಳಿದರು:

“ಎಲೆ ಕಟ್ಟಿದ್ದು ತೆಪ್ಪು. ಬುಡು, ಯಾರಾದ್ರೂ ಮಾಡ್ತಾರೆ. ಅದ್ಕೆ ಬಾಯಿರ್ಲಿಲ್ಲ ಕಣವ್ವ. ನಿಂಗಿತ್ತಲ್ಲ.”